ಬುತ್ತಿ ಡಬ್ಬಿಯೊಳಗಿನ ಏಡಿ

ಅಟ್ಟ ಸ್ವಚ್ಛ ಮಾಡುವಾಗ ಮೇಡಂ ಅವರ ಸ್ಟೀಲಿನ ಬುತ್ತಿ ಡಬ್ಬಿ ಕೈಗೆ ಬಂತು. ಮುಚ್ಚಳ ತೆಗೆದರೆ ಹಳ್ಳದ ಕೆಸರಿನ ವಾಸನೆ! ಎಷ್ಟು ಸಲ ತಿಕ್ಕಿದ್ದರೋ, ಹೋಗಿಲ್ಲ. ಅದರ ಒಡತಿಯೂ ಹಾಗೆಯೇ, ಸುಲಭಕ್ಕೆ ಬಿಡುವ ಪೈಕಿ ಅಲ್ಲ.

ಗದಗಿನ ಕಾಲೇಜಿನಲ್ಲಿ ಮೇಡಂ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ತತ್ತಿಯ ಹೆಸರೂ ಎತ್ತದ ಮನೆತನ ಅವರದು. ಆದರೆ ತವರೂರು ಅಂತೂರ ಬೆಂತೂರಕ್ಕೆ ಹೋದಾಗಲೆಲ್ಲ ರೊಟ್ಟಿಯ ಡಬ್ಬಿಯಲ್ಲಿ ಪ್ರಯೋಗಕ್ಕೆಂದು ಹಳ್ಳದ ಏಡಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ಒಮ್ಮೆ ಮುಚ್ಚಳ ಸಡಿಲಾಗಿ ಬಸ್ಸಿನ ತುಂಬ ಏಡಿ... ಜೊತೆಗಿದ್ದ ನಾನೇ ಅವನ್ನು ಹಿಡಿಯಬೇಕು, ಕಂಡಕ್ಟರನಿಂದ ಬೈಸಿಕೊಳ್ಳುವವನೂ ನಾನೇ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೆಳೆಯರೆಲ್ಲ ಎರೆಹುಳದ ಮೇಲೆ ನಾಲ್ಕು ಪುಟ ಗೀಚಿ ಪಾರಾದರು. ನನ್ನ ತಲೆಗೆ ಮಾತ್ರ ಮೇಡಂ ಕಡಲ ಅನಿಮೋನಿ ಕಟ್ಟಿದರು. ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳುವ, ಎಸಳಿನಂಥ ಕೈಗಳಿಂದ ಕುಟುಕುವ ಪ್ರಾಣಿ. ಅದರ ವಿಷ ತಾಗಿದ ಏಡಿ ಹೇಗೆ ವರ್ತಿಸುತ್ತದೆಂದು ನಾನು ನೋಡಬೇಕಂತೆ. ಕಡಲೆಲ್ಲಿ, ಗದಗೆಲ್ಲಿ! ಐಸಿನಲ್ಲಿಟ್ಟ ವಿಷದ ಸೀಸೆಯನ್ನು ಕಾರವಾರದಿಂದ ತರಿಸಿಯೂಬಿಟ್ಟರು. ಅವರ ಸಹಿ ಬೀಳದೆ ನಾನು ಪಾಸಾಗುವಂತಿರಲಿಲ್ಲ.

ಸೂಜಿಯಲ್ಲಿ ವಿಷ ಹಾಕಿದರೆ ಏಡಿ ಮೊದಲು ನಡುಗುತ್ತಿತ್ತು. ಆಮೇಲೆ ಕಾಲುಗಳೆಲ್ಲ ಸೆಟೆದು, ಕೊನೆಗೆ ಅಂಗಾತ ಬಿದ್ದುಬಿಡುತ್ತಿತ್ತು. ವಿಷ ನರಗಳನ್ನು ಸುಮ್ಮನಿರಲು ಬಿಡುವುದಿಲ್ಲ, ಬಡಿದುಕೊಂಡು ಬಡಿದುಕೊಂಡು ಅವು ಸೋತುಹೋಗುತ್ತವೆ ಎಂದು ಮೇಡಂ ವಿವರಿಸುತ್ತಿದ್ದರು. ನಾನು 'ಸತ್ತಿತು' ಎಂದು ಬರೆದೆ. ಕೆಂಪು ಪೆನ್ನಿನಿಂದ ಹೊಡೆದುಹಾಕಿದರು.

"ಸತ್ತೈತಿ ಅಂತ ನಿನಗ ಯಾರು ಹೇಳಿದ್ರು ತಮ್ಮಾ? ಅಲ್ಲಾಡವಲ್ದು ಅಂತ ಬರಿ."

"ಮೇಡಂ, ಶಿರಹಟ್ಟಿ ಬಸ್ ಹೋಗತೈತ್ರಿ..."

"ಹೋಗ್ಲಿ. ನೀ ಕುಂಡ್ರು."

ಹಲ್ಲು ಕಡಿಯುತ್ತ ಕುಳಿತೆ. ಬಸ್ಸು ಹೋಗಿ ಎಷ್ಟೋ ಹೊತ್ತಿನ ಮೇಲೆ ಏಡಿಯ ಬಾಯ ಬಳಿ ಏನೋ ಮೆಲ್ಲಗೆ ಮಿಸುಕಿತು. ಮೇಡಂ ಹಿಗ್ಗಿ ಚಹಾ ತರಿಸಿದರು. ನನಗೆ ಡಬ್ಬಿ ಎತ್ತಿ ಒಗೆಯುವಷ್ಟು ಸಿಟ್ಟು. ಎಲ್ಲವನ್ನೂ ಮತ್ತೆ ಬರೆಸಿ, ಜೀವ ತಿಂದು, ಕೊನೆಯ ದಿನ ಸಹಿ ಹಾಕಿದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಸುದ್ದಿ ತಿಳಿದು ಬೆಟಗೇರಿಯ ದವಾಖಾನೆಗೆ ಓಡಿದೆ. ಉಸಿರೊಂದು ಬಿಟ್ಟರೆ ಅಲ್ಲಾಡದೆ ಮಲಗಿದ್ದ ಅವರ ಮಂಚದ ಸುತ್ತಲೇ ಬಂಧುಗಳು ನಿಂತು, ಮಣ್ಣು ಎಲ್ಲಿ ಮಾಡುವುದೆಂದು ಗಟ್ಟಿಯಾಗಿ ಮಾತಾಡುತ್ತಿದ್ದರು. "ಅವರಿಗೇನ ತಿಳೀತೈತ್ರಿ ಇನ್ನ?" ಎಂದ ಮೇಡಂ ಅವರ ತಮ್ಮನ ಮಗ.

ನನಗೆ ರೇಗಿಹೋಯಿತು. "ತಿಳಿಯಂಗಿಲ್ಲಂತ ನಿಮಗ ಯಾರು ಹೇಳಿದ್ರು? ಅಲ್ಲಾಡವಲ್ರು, ಅಷ್ಟ! ಹೊರಗ ಹೋಗಿ ಮಾತಾಡ್ರಿ."

ಎಲ್ಲರೂ ಹೊರಗೆ ಹೋದರು. ನಾನು ಮಂಚದ ಬಳಿ ಕುಳಿತೇ ಇದ್ದೆ. ಬಹಳ ಹೊತ್ತಿನ ಮೇಲೆ ಅವರ ಹೆಬ್ಬೆರಳು ಮಿಸುಕಿತು. ಅಥವಾ ನನಗೇ ಹಾಗೆ ಕಂಡಿತೋ...

ಆ ವಾರವೇ ಮೇಡಂ ಹೋದರು. ಮನೆಯವರು ಗುಜರಿಗೆ ತೆಗೆದಿಟ್ಟಿದ್ದ ಡಬ್ಬಿಯನ್ನು ನಾನು ಕೇಳಿ ತಂದೆ. ಈಗ ಅದನ್ನು ಎದುರಿಗಿಟ್ಟುಕೊಂಡು 'ಮೇಡಂ ತೀರಿಕೊಂಡರು' ಎಂದು ಬರೆದಿದ್ದೇನೆ. ಕೆಂಪು ಪೆನ್ನಿನಿಂದ ಹೊಡೆದುಹಾಕುವವರು ಯಾರೂ ಇಲ್ಲ.