ಮೂರನೇ ಜ್ವರ

ನಮ್ಮ ಕಡೆ ರೇಷ್ಮೆ ಹುಳುವಿಗೂ ಜ್ವರ ಬರುತ್ತದೆ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿಕೊಂಡು ಮತ್ತೆ ತಿನ್ನಲು ಶುರುಮಾಡುತ್ತದೆ. ಓದಿದವರು ಅದನ್ನು ಏನೆಂದು ಕರೆಯುತ್ತಾರೋ, ನಮಗಂತೂ ಅದು ಜ್ವರವೇ. ಒಂದನೇ ಜ್ವರ, ಎರಡನೇ ಜ್ವರ. ಮತ್ತೆ ತಿನ್ನತೊಡಗಿದರೆ ಜ್ವರ ಎದ್ದವು ಅನ್ನುತ್ತೇವೆ. ಹುಳು ಜ್ವರದಲ್ಲಿದ್ದಾಗ ಸೊಪ್ಪು ಹಾಕಬಾರದು, ಸದ್ದು ಮಾಡಬಾರದು, ಹೊರಗಿನವರು ಹುಳುಮನೆಗೆ ಕಾಲಿಡಬಾರದು. ಹೊಸ ಫೋನಿನ ವಿಷಯ ಹೇಳಲು ಕೂತವಳು ಹುಳುವಿನ ಜ್ವರದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಇವೆರಡರ ನಡುವೆ ಸಿಕ್ಕಿ ನನ್ನ ಅಕ್ಕ ಸಾಯುವುದರಲ್ಲಿದ್ದಳು.

ನಾನು ಚಿಂತಾಮಣಿಯಲ್ಲಿ ರವಿಕೆ ಹೊಲಿಯುವವಳು. ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟದ ಕಡೆಯ ಹಳ್ಳಿಗೆ. ಊರಿನಿಂದ ಆಚೆ, ಹಿಪ್ಪುನೇರಳೆ ತೋಟದೊಳಗೆ ಮನೆ. ಭಾವ ಟೊಮ್ಯಾಟೊ ಲಾರಿ ಓಡಿಸುತ್ತಾರೆ, ಲೋಡು ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗಳು ಮದುವೆಯಾಗಿ ಗೌರಿಬಿದನೂರಿನಲ್ಲಿದ್ದಾಳೆ. ಹಾಗಾಗಿ ಆ ಮನೆಯಲ್ಲಿ ಬಹುಪಾಲು ದಿನ ಅಕ್ಕ ಮತ್ತು ಅವಳ ಹುಳು, ಅಷ್ಟೇ.

ನಮ್ಮಿಬ್ಬರ ಹತ್ತಿರವೂ ಗುಂಡಿ ಒತ್ತುವ ಹಳೆಯ ಫೋನು ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಫೋನು ಮಾಡುತ್ತಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ನಾನು ಕೈಹೊಲಿಗೆ ಹಾಕುತ್ತಿದ್ದೆ, ಅವಳು ಅಲ್ಲಿ ಹುಳುವಿನ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಮಾತೋ, ಒಂದಕ್ಕೊಂದು ಸಂಬಂಧವಿಲ್ಲದ್ದು. ಏನು ಸಾರು, ಯಾರ ಜೊತೆ ಜಗಳ, ಮಂಡಿ ನೋವು ಈಗ ಹೇಗಿದೆ. ಅವಳ ದನಿಯ ಹಿಂದೆ ಹುಳು ಸೊಪ್ಪು ತಿನ್ನುವ ಸದ್ದು ಜಿನುಗು ಮಳೆಯ ಹಾಗೆ ಬರುತ್ತಿತ್ತು. ಲೈನು ಗೊರಗೊರ ಅಂದರೆ ನಾನು ಏನಂದೆ ಅಂತ ಕೇಳುತ್ತಿದ್ದೆ, ಅವಳು ಎರಡನೇ ಸಲ ಹೇಳುವಾಗ ಮೊದಲ ಸಲ ಬಿಟ್ಟಿದ್ದೆಲ್ಲ ಸೇರಿಸಿ ಹೇಳುತ್ತಿದ್ದಳು. ನಿಜವಾದ ಸುದ್ದಿ ಇರುತ್ತಿದ್ದದ್ದು ಆ ಎರಡನೇ ಸಲದಲ್ಲಿಯೇ.

ನಮ್ಮ ಬೀದಿಯ ಮೊಬೈಲ್ ಅಂಗಡಿಯ ಸಾಬರು ಹಳೆಯ ನೆಟ್‌ವರ್ಕ್ ಇನ್ನು ಇರುವುದಿಲ್ಲ ಎಂದು ಹೆದರಿಸಿದರು. ಇನ್ನು ಮುಂದೆ ಎಲ್ಲ ಫೈವ್ ಜಿ, ಕಣ್ಣು ಮಿಟುಕಿಸುವುದರೊಳಗೆ ಒಂದು ಪಿಚ್ಚರ್ ಇಳಿಯುತ್ತದೆ ಎಂದರು. ನಾನು ನಿದ್ದೆ ಹೋಗದೆ ಪೂರ್ತಿ ನೋಡಿದ ಪಿಚ್ಚರ್ ಒಂದೂ ಇಲ್ಲ. ಆದರೂ ಹತ್ತು ಜನ ಹೋದ ದಾರಿ ಅಂದುಕೊಂಡು ನನಗೊಂದು, ಅಕ್ಕನಿಗೊಂದು ತೆಗೆದುಕೊಂಡೆ.

ಲಾಭ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲು ಗಿರಾಕಿಗಳು ಕಳಿಸಿದ ರವಿಕೆ ಡಿಸೈನು ತೆರೆಯಲು ಒದ್ದಾಡಬೇಕಿತ್ತು, ಈಗ ಬೆರಳು ಎತ್ತುವ ಮೊದಲೇ ತೆರೆದುಕೊಳ್ಳುತ್ತದೆ. ಆದರೆ ನೆಟ್ ಓಡಿದಷ್ಟು ಬೇಗ ನನ್ನ ಕಾಲು ಮೆಷಿನ್ ತುಳಿಯಬೇಕಲ್ಲ? ಒಂದು ಕತ್ತಿನ ಡಿಸೈನು ಕತ್ತರಿಸುವುದರೊಳಗೆ ಅದು ಬೇಡ ಇದು ಹಾಕಿ ಅಂತ ಇನ್ನೊಂದು ಬಂದು ಬೀಳುತ್ತದೆ. ಮೊದಲು ಒಂದು ಸಲ ಹೇಳಿ ಹೋಗುತ್ತಿದ್ದ ಹೆಂಗಸರು ಈಗ ದಿನಕ್ಕೊಂದು ಮನಸ್ಸು ಮಾಡುತ್ತಾರೆ.

ಅಕ್ಕನ ಮನೆಯಲ್ಲಿ ಬೇರೆಯೇ ಫಜೀತಿ. ಹಳೆಯ ಮಣ್ಣಿನ ಗೋಡೆ, ಮೊಳದಷ್ಟು ದಪ್ಪ. ಗುಂಡಿಯ ಡಬ್ಬಾ ಫೋನು ಒಳಗೇ ಚೆನ್ನಾಗಿ ಮಾತಾಡುತ್ತಿತ್ತು. ಹೊಸದು ಅಂಗಳದ ನೀರಿನ ತೊಟ್ಟಿಯ ಹತ್ತಿರ ಫೈವ್ ಜಿ ಅಂತ ತೋರಿಸುವುದು, ಹೊಸ್ತಿಲು ದಾಟಿದರೆ ಏನೂ ಇಲ್ಲ. ಅಕ್ಕನಿಗೆ ಅದೂ ತಮಾಷೆಯೇ.

“ಹುಳುಮನೆ ಕಟ್ಟಳೆ ಅದಕ್ಕೂ ಗೊತ್ತು ಕಣೇ, ಬಾಗಿಲಾಚೆನೇ ನಿಂತ್ಕೊಳ್ತದೆ” ಅಂದಿದ್ದಳು.

ಬಿಸಿಲಿನಲ್ಲಿ ತೊಟ್ಟಿಯ ಹತ್ತಿರ ನಿಂತು ಎಷ್ಟು ಹೊತ್ತು ಮಾತಾಡಿಯಾಳು? ಒತ್ತಿ ಹಿಡಿದು ಮಾತಾಡಿ ವಾಯ್ಸ್ ಮೆಸೇಜ್ ಕಳಿಸು, ನೀನು ಹೊರಗೆ ಬಂದಾಗ ತಾನಾಗಿ ಹೋಗುತ್ತದೆ ಎಂದು ನಾನೇ ಹೇಳಿಕೊಟ್ಟೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಮಧ್ಯಾಹ್ನದ ಮಾತು ಅಲ್ಲಿಗೆ ನಿಂತಿತು. ಮೆಸೇಜಿನಲ್ಲಿ ಅಕ್ಕ ರೇಡಿಯೋದವರ ಹಾಗೆ ಬಿಗಿಯಾಗಿ ಎರಡು ಮಾತು ಹೇಳಿ ಮುಗಿಸುತ್ತಿದ್ದಳು. ನಾನೋ, ಕೆಲಸದ ಗಡಿಬಿಡಿಯಲ್ಲಿ ಅದನ್ನೂ ಒಂದೂವರೆ ಪಟ್ಟು ವೇಗಕ್ಕೆ ಹಾಕಿ ಕೇಳುವುದನ್ನು ರೂಢಿ ಮಾಡಿಕೊಂಡೆ. ಫೋನಿನಲ್ಲಿ ಅದಕ್ಕೂ ಒಂದು ಗುಂಡಿ ಇದೆ.

ಮದುವೆ ಸೀಸನ್ನಿನ ಒಂದು ಮಧ್ಯಾಹ್ನ ಮೆಸೇಜ್ ಬಂತು.

“ಮೂರನೇ ಜ್ವರ ಕಣೇ. ಈ ಸಲ ಬೇಗ ಏಳೋ ಹಂಗೆ ಕಾಣ್ತಿಲ್ಲ.”

ಮಳೆ ಮೋಡ ಕವಿದ ದಿನ, ಥಂಡಿಗೆ ಹುಳು ನಿಧಾನ ಮಾಡುವುದು ಇದ್ದದ್ದೇ. ಎದ್ದೇಳುತ್ತವೆ ಬಿಡಕ್ಕ, ಎದ್ದ ಮೇಲೆ ಸೊಪ್ಪು ಜಾಸ್ತಿ ಹಾಕು ಅಂತ ಹೇಳಿ ಕಳಿಸಿ, ನಾನು ಮತ್ತೆ ಮೆಷಿನ್ ತುಳಿದೆ. ನನ್ನ ಮೆಸೇಜಿನ ಪಕ್ಕದಲ್ಲಿ ಒಂದೇ ಗುರುತು ಉಳಿದಿತ್ತು, ಅಂದರೆ ಅವಳಿಗೆ ತಲುಪಿರಲಿಲ್ಲ. ಒಳಗಿದ್ದಾಳೆ ಅಂದುಕೊಂಡೆ. ಮಾರನೆಯ ದಿನವೂ ಅಕ್ಕನ ಸುದ್ದಿಯಿಲ್ಲ. ಹುಳು ಜ್ವರದಲ್ಲಿರುವ ಮನೆ ಸದ್ದಿಲ್ಲದೆ ಇರಬೇಕಾದದ್ದೇ, ತೊಂದರೆ ಕೊಡಬಾರದು ಎಂದು ಸುಮ್ಮನಿದ್ದೆ.

ಅದರ ಮಾರನೆಯ ಬೆಳಿಗ್ಗೆ ಭಾವನ ಫೋನು. ಅಕ್ಕನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದೇನೆ, ಲೋಡು ಇಳಿಸಿ ಬಂದಾಗ ಅವಳಿಗೆ ಎಚ್ಚರವೇ ಇರಲಿಲ್ಲ, ಮೈ ಕೆಂಡವಾಗಿತ್ತು ಎಂದರು. ನನ್ನ ಬಾಯಿಂದ ಮೊದಲು ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹುಳುವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಮೂರನೇ ಜ್ವರ ಎದ್ದವಾ ಎಂದು ಕೇಳಿದೆ.

ಯಾವ ಹುಳು ಎಂದರು ಭಾವ.

“ಈ ಸಲ ಹುಳ ತಂದೇ ಇಲ್ವಲ್ಲಮ್ಮ. ಅವಳಿಗೆ ಹುಷಾರಿಲ್ಲ ಅಂತ ಬಿಟ್ವಿ. ನಿಂಗೆ ಹೇಳ್ಳಿಲ್ವಾ?”

ಅದಕ್ಕೂ ಮೊದಲು ಅಕ್ಕನಿಗೆ ಎರಡು ಸಲ ಜ್ವರ ಬಂದು ಹೋಗಿತ್ತಂತೆ. ಅವಳ ಎರಡು ಮಾತಿನ ಮೆಸೇಜುಗಳಲ್ಲಿ ಅದ್ಯಾವುದೂ ಬಂದಿರಲಿಲ್ಲ. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಸುಧಾರಿಸಿಕೊಂಡಿದ್ದಳಂತೆ. ಮೂರನೇ ಸಲ ಬಂದಾಗ ಭಾವ ದೂರದಲ್ಲಿದ್ದರು, ಮಗಳು ತುಂಬಿದ ಬಸುರಿ, ಅವಳನ್ನು ಹೆದರಿಸುವುದು ಬೇಡ ಅಂತ ಅಕ್ಕ ನನಗೆ ಹೇಳಿದ್ದಳು. ಹೇಗೋ ತೊಟ್ಟಿಯ ತನಕ ನಡೆದು ಬಂದು ಹೇಳಿದ್ದಳು.

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಸ್ಕಂದಗಿರಿ ಬೆಟ್ಟ ಹತ್ತಲು ಹೊರಟ ಹುಡುಗ ಹುಡುಗಿಯರು ತುಂಬಿದ್ದರು. ಎಲ್ಲರ ಫೋನಿನಲ್ಲೂ ವಿಡಿಯೋ ಓಡುತ್ತಿತ್ತು. ನನ್ನ ಫೋನಿನಲ್ಲೂ ಫೈವ್ ಜಿ ತುಂಬಿಕೊಂಡು ನಿಂತಿತ್ತು. ನಾನು ವೇಗ ಕಡಿಮೆ ಮಾಡಿ ಅಕ್ಕನ ಮೆಸೇಜನ್ನು ಮತ್ತೆ ಕೇಳಿದೆ. ಮೂರನೇ ಅಂದ ಮೇಲೆ ಉಸಿರು ಎಳೆದುಕೊಂಡು, ತಡೆದು, ಜ್ವರ ಅಂದಿದ್ದಳು. ಒಂದೂವರೆ ಪಟ್ಟು ವೇಗದಲ್ಲಿ ಗಟ್ಟಿಮುಟ್ಟಾಗಿ ಕೇಳಿಸಿದ್ದ ದನಿ ಅದು. ಫೋನಿನಲ್ಲಿ ಮಾತಾಡಿದ್ದರೆ ಕೆಲಸ ಮಾಡುತ್ತಲೇ ಯಾರಿಗೆ ಅಂತ ಕೇಳಿಬಿಡುತ್ತಿದ್ದೆ. ಒಂದೇ ಮಾತು, ಯಾರಿಗೆ. ಮೆಸೇಜನ್ನು ಇನ್ನೊಂದು ಸಲ ಒತ್ತಿದೆ.

ಟೈಫಾಯಿಡ್ ಎಂದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಭಾವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಫೋನನ್ನು ನಾನು ಬಾಯಿಗೆ ಬಂದ ಹಾಗೆ ಬೈದಾಗ ನಮ್ಮ ಮನೆಯವರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಒಪ್ಪಿದೆ, ನನಗೆ ಕುಣಿಯಲು ಬರಲಿಲ್ಲ. ಆದರೆ ನೆಲವೂ ಡೊಂಕೇ ಇತ್ತು. ಮನೆಯೊಳಗೆ ಮಲಗಿದವಳ ದನಿ ಹೊಸ್ತಿಲು ದಾಟಿಸಲಾರದ ವೇಗ ನಮ್ಮಂಥವರಿಗೆ ಯಾತಕ್ಕೆ ಅಂತ ನಾನು ಕೇಳಿದರೆ ಅಂಗಡಿಯ ಸಾಬರು ಇನ್ನೊಂದು ಹೊಸ ಫೋನು ತೋರಿಸುತ್ತಾರೆ. ಹಳೆಯ ಫೋನಿಗೆ ಹಿಂದಿರುಗೋಣವೆಂದರೆ ಆ ದಾರಿಯೂ ಮುಚ್ಚುತ್ತಿದೆಯಂತೆ.

ಅಕ್ಕ ಎದ್ದು ಕೂತು ಗಂಜಿ ಕುಡಿಯುವಷ್ಟಾದ ದಿನ ತನ್ನ ಫೋನು ಕೇಳಿದಳು. ಭಾವ ಚಾರ್ಜಿಗೆ ಹಾಕಿ ತಂದುಕೊಟ್ಟರು. ಪೇಟೆಯ ಆಸ್ಪತ್ರೆ, ಕಿಟಕಿಯ ಪಕ್ಕದ ಮಂಚ. ಅಷ್ಟು ದಿನ ಎಲ್ಲೋ ನಿಂತಿದ್ದ ನನ್ನ ಮೆಸೇಜ್ ಫೋನು ತೆರೆದ ಕೂಡಲೇ ಬಂದು ಬಿತ್ತು. ಬೇಡ ಅಂತ ನಾನು ಕೈ ಚಾಚುವ ಮೊದಲೇ ಒತ್ತಿಬಿಟ್ಟಳು. ಎದ್ದೇಳುತ್ತವೆ ಬಿಡಕ್ಕ, ಎದ್ದ ಮೇಲೆ ಸೊಪ್ಪು ಜಾಸ್ತಿ ಹಾಕು ಅಂತ ನನ್ನ ದನಿ ಲವಲವಿಕೆಯಿಂದ ವಾರ್ಡಿಗೆಲ್ಲ ಕೇಳಿಸಿತು.

ಅಕ್ಕ ಅದನ್ನು ಪೂರ್ತಿ ಕೇಳಿದಳು. ಬೈಯಲಿಲ್ಲ. ಗಂಜಿಯ ಲೋಟ ನನ್ನ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಇಲ್ಲದ ಹುಳಕ್ಕೆ ಸೊಪ್ಪು ಹಾಕು ಅಂದ್ಯಲ್ಲ ಕಣೇ” ಅಂದಳು. “ನನ್ನ ಮಾತಿಗೆ ಮಾತ್ರ ಯಾರೂ ಸೊಪ್ಪು ಹಾಕ್ಲಿಲ್ಲ.”

ಪಕ್ಕದ ಮಂಚದ ಹೆಂಗಸು ತಮಾಷೆ ಅಂದುಕೊಂಡು ನಕ್ಕಳು. ಅಕ್ಕನೂ ನಕ್ಕಳು. ನಾನು ಲೋಟ ತೊಳೆಯುವ ನೆವ ಮಾಡಿಕೊಂಡು ಹೊರಗೆ ಹೋದೆ.