ನರ್ಸಬಾಯಿಯನ್ನು ನಾವು ಉಳಿಸಿಕೊಂಡದ್ದು

ಮೊನ್ನೆ ಕುಕ್ಕರಿನಲ್ಲಿ ನೀರು ತೀರಿ, ಕಡುಬಿನ ಕೆಳಗೆ ಹಾಸಿದ್ದ ಹತ್ತಿ ಬಟ್ಟೆ ಸೀಯತೊಡಗಿತು. ಒಲೆ ಆರಿಸುವುದನ್ನೂ ಮರೆತು ನಿಂತೆ. ನಮ್ಮೂರ ದವಾಖಾನೆಯ ಹೆರಿಗೆ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು. ನರ್ಸಬಾಯಿ ಬಟ್ಟೆಗಳನ್ನು ದೊಡ್ಡ ಕುಕ್ಕರಿನಲ್ಲಿ ಹಬೆಗಿಟ್ಟು, ಪಕ್ಕದಲ್ಲೇ ಪುಸ್ತಕ ಹಿಡಿದು ಕೂರುತ್ತಿದ್ದಳು; ಓದಿನ ಗುಂಗಿನಲ್ಲಿ ನೀರು ತೀರಿದ್ದು ಗೊತ್ತಾಗುತ್ತಿರಲಿಲ್ಲ...

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳನ್ನು ಮೊದಲು ಎತ್ತಿಕೊಂಡದ್ದು ಆಕೆ. ಅಫಜಲಪುರ ಕಡೆಯ ಮುಸಲ್ಮಾನರ ಮನೆಯ ಮಗಳು. ನಮ್ಮ ಆಳಂದ ಸೀಮೆಗೆ ನೌಕರಿಯ ಮೇಲೆ ಬಂದು ಹತ್ತು ವರ್ಷವಾಗಿತ್ತು.

ಒಮ್ಮೆ ಒಬ್ಬ ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ನರ್ಸಬಾಯಿ ಕೈಲಾದದ್ದೆಲ್ಲ ಮಾಡಿ ಗಾಡಿ ಹತ್ತಿಸಿದಳು. ಕಲಬುರಗಿ ಮುಟ್ಟುವ ಮೊದಲೇ ಜೀವ ಹೋಯಿತು. ಮರುದಿನ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು.

"ಅಕ್ಕಾ, ಏನಾಗ್ತದ ಅಂತ ನನಗ ಕಾಣಾಕತ್ತಿತ್ತು. ಮುಂದಿಂದು ನನಗ ಕಲಿಸಿಲ್ಲ, ಮಾಡಾಕ ಹುಕುಂನೂ ಇಲ್ಲ. ನಾ ನರ್ಸಿಂಗ್ ಎಂ.ಎಸ್ಸಿ. ಓದ್ತೇನಿ. ಹೆರಿಗಿದು ಪೂರಾ ಕಲೀತೇನಿ. ಆಮ್ಯಾಲ ಇಂಥಾ ಹಳ್ಳಿ ನರ್ಸ್‌ಗೋಳಿಗೆ ನಾನ ಕಲಿಸ್ತೇನಿ."

ಪರೀಕ್ಷೆ ಬರೆದಳು. ಸರಕಾರಿ ನೌಕರಿಯಲ್ಲಿದ್ದವರಿಗೆಂದು ಇಟ್ಟ ಸೀಟು ಸಿಕ್ಕಿತು. ಎರಡು ವರ್ಷದ ಓದು. ಪೇಡೆ ಹಂಚುತ್ತ ಓಣಿಗೆ ಬಂದಾಗ ಗೌಡರ ಮನೆಯ ಮುದುಕಿ ಕೇಳಿದಳು:

"ಎರಡು ವರ್ಷ ನಮ್ಮ ಸೊಸೆಂದ್ರು ಹಡಿಯೋದು ಬಂದ್ ಮಾಡ್ಬೇಕೇನ್ ಬೇ?"

"ಮಾಡ್ರಿ ಆಯಿ, ಅವರಿಗೂ ಆರಾಮ ಸಿಗ್ತದ," ಎಂದು ನರ್ಸಬಾಯಿ ನಕ್ಕಳು. ಮುದುಕಿ ನಗಲಿಲ್ಲ.

ಆ ವಾರವೇ ಮುದುಕಿಯ ಪಡಸಾಲೆಯಲ್ಲಿ ಹೆಂಗಸರು ಸೇರಿದರು. ಬೇರೆ ನರ್ಸ್ ಬರುವವರೆಗೆ ಈಕೆಯನ್ನು ಬಿಡಬಾರದೆಂದು ಮೇಲಿನ ಆಫೀಸಿಗೆ ಅರ್ಜಿ ಕೊಡುವುದೆಂದಾಯಿತು. ಅವರಲ್ಲಿ ಏಳನೆಯ ಇಯತ್ತೆ ಕಲಿತವಳು ನಾನೊಬ್ಬಳೇ; ಬರೆಯುವುದು ನನ್ನ ಪಾಲಿಗೆ ಬಂತು. ಸೀಟು ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದು ಮುದುಕಿ ಅಂದಳು. ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ ಎಂದು ನರ್ಸಬಾಯಿ ನನಗೆ ಹೇಳಿದ್ದಳು. ಅಷ್ಟು ಮಂದಿಯ ನಡುವೆ ಬಾಯಿ ಬಿಡಲು ನಾಚಿಕೆಯಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನಿಮ್ಮ ಅವ್ವ ಆಗ ಎರಡನೆಯ ಸಲ ಬಸುರಿ. ನನಗೂ ಆಕೆ ಊರಲ್ಲಿರುವುದೇ ಬೇಕಾಗಿತ್ತು... ದುಂಡಗೆ ಬರೆದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಆಕೆಯನ್ನು ಬಿಡುಗಡೆ ಮಾಡುವ ಆದೇಶ ನಿಂತಿತು. ಕಾಲೇಜು ಸೇರುವ ಕೊನೆಯ ದಿನ ದಾಟಿತು. ಆಫೀಸಿನಲ್ಲಿ ಆಕೆಗೆ ಅರ್ಜಿ ತೋರಿಸಿದರಂತೆ. ಲಸಿಕೆಯ ಕಾರ್ಡುಗಳಿಗೆ ಮಕ್ಕಳ ಹೆಸರು ಬರೆದುಕೊಡುತ್ತಿದ್ದವಳು ನಾನೇ. ನನ್ನ ಕೈಬರಹ ಆಕೆಗೆ ಗೊತ್ತಾಗದೆ ಇರುತ್ತದೆಯೇ?

ನಿಮ್ಮ ಅವ್ವನನ್ನು ತಪಾಸಣೆ ಮಾಡಲು ಬಂದಳು. ಬಿ.ಪಿ. ನೋಡಿ, ಪಟ್ಟಿ ಸುತ್ತಿಡುತ್ತ, "ಅಕ್ಷರ ಭಾಳ ಛಂದ ಅವ ಅಕ್ಕಾ. ಸಾಹೇಬ್ರು ಸೈತ ಹೊಗಳಿದ್ರು," ಎಂದಳು. ನಾನು ಆಕೆಗೆ ಕೈ ತೊಳೆಯಲು ನೀರು ತಂದಿಟ್ಟೆ. ಆ ಹೆರಿಗೆಯನ್ನೂ ಆಕೆಯೇ ಮಾಡಿಸಿದಳು. ಆದರೆ ಮತ್ತೆ ಆಕೆಯ ಕೈಯಲ್ಲಿ ಪುಸ್ತಕ ಕಾಣಲಿಲ್ಲ.

ಮರುವರ್ಷ ಆಕೆಗೆ ಜೇವರ್ಗಿ ಕಡೆಗೆ ವರ್ಗವಾಯಿತು. ಬದಲಿಗೆ ಯಾರೂ ಬಂದಿರಲಿಲ್ಲ. ಆ ಸಲ ಅರ್ಜಿ ಬರೆ ಎಂದು ನನಗೆ ಯಾರೂ ಹೇಳಲಿಲ್ಲ.

ಹೋದ ವರ್ಷ ಆಕೆ ತೀರಿಕೊಂಡ ಸುದ್ದಿ ಬಂತು. ಕೊನೆಯವರೆಗೂ ಅದೇ ಹುದ್ದೆ, ಡಾಕ್ಟರಿಗೂ ಗಾಡಿಗೂ ಅದೇ ಕಾಯುವುದು. ನಮ್ಮೂರ ಹೆರಿಗೆ ಕೋಣೆಗೆ ಈಗ ಬೀಗ. ಆಕೆ ಕಲಿಸಬೇಕಾಗಿದ್ದ ನರ್ಸುಗಳು ಯಾವ ಯಾವ ಊರಲ್ಲಿ ಕೈಕಟ್ಟಿ ನಿಂತಿದ್ದಾರೋ...

ಹೋಗಿ ಮಾತಾಡಿಸಿ ಬರಬಾರದಿತ್ತೇ ಅಜ್ಜಿ ಎಂದು ನೀವು ಕೇಳುತ್ತೀರಿ. ಕಲಬುರಗಿಯಲ್ಲಿ ಬಸ್ಸು ಬದಲಿಸಿದರೆ ಜೇವರ್ಗಿ ಅರ್ಧ ದಿನದ ದಾರಿ. ಬಸ್ಸು ದಿನಾಲೂ ಇತ್ತು. ನಾನು ಹೋಗಲಿಲ್ಲ.