ಹಕಾರಕ್ಕೊಂದು ಪೇಟೆಂಟು

ಪೇಟೆಂಟ್ ಎಂಬ ಪದ ಕಿವಿಗೆ ಬಿದ್ದರೆ ಈಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ. ನೀವು ನಗಬಹುದು, ಏಕೆಂದರೆ ನಮ್ಮ ಮನೆಯ ಒಲೆ ಉರಿಯುವುದೂ ಅದೇ ಪದದಿಂದ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಅಂಟು ತಯಾರಿಸುವ ಕಾರ್ಖಾನೆಯೊಂದಿದೆ. ಅದರ ಪ್ರಯೋಗಾಲಯದಲ್ಲಿ ನಾನು ಪಾಲಿಮರ್‌ಗಳನ್ನು ಕುದಿಸಿ, ಕದಡಿ, ಮೂಸಿ ಸಂಬಳ ತೆಗೆದುಕೊಳ್ಳುವವಳು. ಕೆಲವು ಪೇಟೆಂಟ್‌ಗಳಲ್ಲಿ ಸಂಶೋಧಕರ ಸಾಲಿನಲ್ಲಿ ನನ್ನ ಹೆಸರೂ ಇದೆ. ಹಕ್ಕೆಲ್ಲ ಕಂಪನಿಯದು, ನನಗೆ ಸಿಕ್ಕಿದ್ದು ಒಂದು ಹಿತ್ತಾಳೆಯ ಫಲಕ. ಅದನ್ನು ನಮ್ಮದೇ ಅಂಟಿನಿಂದ ಗೋಡೆಗೆ ಅಂಟಿಸಿದ್ದೆ. ಮತ್ತೆ ಮತ್ತೆ ಉದುರಿ ಬಿದ್ದಿದ್ದರಿಂದ ಕೊನೆಗೆ ಮೊಳೆ ಹೊಡೆಯಬೇಕಾಯಿತು.

ಆದ್ದರಿಂದ ಪೇಟೆಂಟ್ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇದು ಹೊಸದು, ಇದನ್ನು ಮೊದಲು ಯಾರೂ ಹೀಗೆ ಮಾಡಿರಲಿಲ್ಲ, ಇದನ್ನು ತಯಾರಿಸಿ ಬಳಸಬಹುದು, ಅಷ್ಟೇ ಅದರ ಅರ್ಥ. ಒಳ್ಳೆಯದು ಎಂದಲ್ಲ, ಸರಿಯಾದದ್ದು ಎಂದಂತೂ ಅಲ್ಲವೇ ಅಲ್ಲ. ಪೇಟೆಂಟ್ ಸಿಕ್ಕ ನನ್ನ ಒಂದು ಅಂಟು ಕೊಳೆತ ಈರುಳ್ಳಿಯಂತೆ ನಾರುತ್ತಿತ್ತು. ಅದನ್ನು ಕೊಂಡ ಪುಣ್ಯಾತ್ಮ ಒಬ್ಬನೂ ಇಲ್ಲ. ಇತ್ತ ಬಾಗಲಕೋಟೆಯ ನಮ್ಮ ಮನೆಯಲ್ಲಿ ಅವ್ವ ಲಕೋಟೆಗಳನ್ನೆಲ್ಲ ಅಂಟಿಸುತ್ತಿದ್ದುದು ಅನ್ನದ ಅಗುಳಿನಿಂದ. ಅದರಷ್ಟು ನಂಬಿಕೆಯ ಅಂಟನ್ನು ನಾನಿನ್ನೂ ಮಾಡಬೇಕಾಗಿದೆ. ಅಗುಳಿಗೆ ಯಾರೂ ಪೇಟೆಂಟ್ ಕೇಳಲಿಲ್ಲ.

ಈ ಪುರಾಣ ಯಾಕೆಂದರೆ, ಮೊನ್ನೆ ಒಂದು ಪೇಟೆಂಟ್ ನಮ್ಮ ಹನುಮಕ್ಕನವರ ಮೊಪೆಡ್ಡಿನ ಕೀ ಕಸಿದುಕೊಂಡಿತು.

ಹನುಮಕ್ಕ ಅಟ್ಟೂರಿನಲ್ಲಿ ನಮ್ಮ ಮನೆಯ ಓನರ್. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಮನೆಯಲ್ಲಿ ನಾವು. ಈ ಕಟ್ಟಡ ನಿಂತಿರುವುದೇ ಅವರ ರಾಗಿ ಹೊಲದ ಮೇಲೆ. ಉಳಿದ ಜಮೀನನ್ನೂ ಮಗ ಹರೀಶ ಅಪಾರ್ಟ್‌ಮೆಂಟ್ ಮಾಡಿದ್ದಾನೆ. ರಾಜಾನುಕುಂಟೆಯ ಹತ್ತಿರದ ಒಂದು ತುಂಡು ಮಾತ್ರ ಹನುಮಕ್ಕ ಜಪ್ಪಯ್ಯ ಅಂದರೂ ಬಿಟ್ಟುಕೊಟ್ಟಿಲ್ಲ. ಬೆಳಗಾದರೆ ಮೊಪೆಡ್ ಏರಿ ಅಲ್ಲಿಗೆ ಹೋಗುತ್ತಾರೆ. ದಂಟು, ಕೊತ್ತಂಬರಿ, ಚಳಿ ಬಿದ್ದರೆ ಸೊಗಡಿನ ಅವರೆ. ಬರುವಾಗ ಮೊಪೆಡ್ಡಿನ ಮುಂದೆ ಒಂದು ಮೂಟೆ, ಮುಖದ ತುಂಬ ನಗು. ಆ ಹೊಲವಿಲ್ಲದ ಹನುಮಕ್ಕನನ್ನು ನನಗೆ ಊಹಿಸಲಿಕ್ಕೇ ಆಗುವುದಿಲ್ಲ, ಮೊಪೆಡ್ ಇಲ್ಲದೆ ಆ ಹೊಲವೂ ಇಲ್ಲ. ಬಸ್ಸು ಇಳಿದು ಒಳಗೆ ನಡೆಯಲು ಅವರ ಮಂಡಿ ಕೇಳುವುದಿಲ್ಲ.

ಕಣ್ಣಲ್ಲಿ ನೀರು ಸೋರುತ್ತದೆಂದು ಹರೀಶ ಅವರನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿಗೆ ಹೊಸ ಯಂತ್ರ ಬಂದಿತ್ತು. ಪರದೆಯ ಮೇಲೆ ಕನ್ನಡದ ಅಕ್ಷರ ಮೂಡುತ್ತದೆ, ನೀವು ಅದನ್ನು ಬಾಯಲ್ಲಿ ಹೇಳಬೇಕು, ಅದು ಕೇಳಿಸಿಕೊಂಡು ಸರಿ ತಪ್ಪು ನಿರ್ಧರಿಸುತ್ತದೆ. ಈ ಸುದ್ದಿ ಕೇಳಿ ನಾನೇ ಹಿಗ್ಗಿದ್ದೆ. ಇಷ್ಟು ವರ್ಷ ಇಂಗ್ಲಿಷ್ ಬಾರದವರನ್ನೆಲ್ಲ ಅನಕ್ಷರಸ್ಥರ ಲೆಕ್ಕಕ್ಕೆ ಸೇರಿಸಿ, ಮಲಗಿದ ಎದ್ದ ತಲೆಕೆಳಗಾದ E ತೋರಿಸಿ ಕೈ ತಿರುಗಿಸಿ ಎನ್ನುತ್ತಿದ್ದರಲ್ಲ, ಆ ಅವಮಾನ ತಪ್ಪಿತು ಎಂದುಕೊಂಡೆ. ಏಳನೇ ಕ್ಲಾಸಿನವರೆಗೆ ಓದಿ, ದಿನಾ ಪೇಪರನ್ನು ಮೂಲೆ ಮೂಲೆ ಓದುವ ಹೆಂಗಸಿಗೆ ಕನ್ನಡದ ಅಕ್ಷರ ಎಷ್ಟರದು!

ಸಂಜೆ ನೋಡಿದರೆ ಹನುಮಕ್ಕ ಮೆಟ್ಟಿಲ ಮೇಲೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಈ ಸಲ ಅದು ಸೋರುವ ನೀರಲ್ಲ.

"ಮಗ ಕೀ ಕಿತ್ಕಂಡ್ಬುಟ್ಟ ಕಣಮ್ಮ. ನನ್ ಕಣ್ ಓಗೈತಂತೆ. ನಂಗೇ ಗೊತ್ತಿಲ್ದಂಗೆ ನನ್ ಕಣ್ ಎಂಗಮ್ಮ ಓಗ್ತದೆ?"

ಯಂತ್ರ ಕೊಟ್ಟ ಚೀಟಿ ನೋಡಿದೆ. ದೂರದೃಷ್ಟಿ ತೀರ ಕಡಿಮೆ, ವಾಹನ ಓಡಿಸುವುದು ಸೂಕ್ತವಲ್ಲ ಎಂದು ಅಚ್ಚಾಗಿತ್ತು. ಇಡೀ ಊರೇ ಜಮೀನು ಮಾರಿಕೊಳ್ಳುವಾಗ, ದೂರದೃಷ್ಟಿ ಇಲ್ಲದವರು ಒಂದು ತುಂಡು ಹೊಲ ಉಳಿಸಿಕೊಂಡರೇ? ಚೀಟಿಯ ಮೇಲ್ಗಡೆ ಹೆಸರು "ಅನುಮಕ್ಕ" ಎಂದಿತ್ತು. ಹೆಸರನ್ನೂ ಅದು ಬಾಯಲ್ಲೇ ಕೇಳಿ ಬರೆದುಕೊಂಡಿತ್ತಂತೆ. ನನ್ನ ತಲೆಯಲ್ಲಿ ಏನೋ ಚುರುಕ್ ಎಂದಿತು.

"ಏನೇನ್ ತೋರಿಸ್ತರಿ ಅಮ್ಮಾರ ಅದು?"

"ಅಕ್ಸರ ಕಣಮ್ಮ. ಅ ಅಂತ ಇತ್ತು, ಅ ಅಂದೆ. ತಪ್ಪು ಅಂತು. ಇನ್ನೂ ಜೋರಾಗಂದೆ, ಆಗ್ಲೂ ತಪ್ಪಂತೆ. ಅದ್ರ ಮನೆ ಆಳಾಗ!"

"ಯಾವ ಅ? ಅರಸನ ಅ?"

"ಅರಸನ ಅ ಅಲ್ಲ, ಅನುಮಪ್ಪನ ಅ!"

ಅಂಗೈ ಮೇಲೆ ಬೆರಳಿನಿಂದ 'ಹ' ಬರೆದು ತೋರಿಸಿದೆ. "ಊ, ಅದೇಯ" ಎಂದರು. ನನಗೆ ನೆತ್ತಿಗೇರಿದ ಸಿಟ್ಟು ಅವತ್ತಿನಿಂದ ಇಳಿದಿಲ್ಲ.

ಅಲ್ಲ, ನೀವೇ ಹೇಳಿ. ಯಲಹಂಕದಿಂದ ಆಚೆಗೆ ಹೊಲ ಉತ್ತವರ ಬಾಯಲ್ಲಿ ಹಕಾರ ಯಾವಾಗ ಇತ್ತು? ಹಾಲು ಆಲು, ಹಸು ಅಸು, ಹೆಬ್ಬಾಳ ಎಬ್ಬಾಳ. ಯಂತ್ರದಲ್ಲಿದ್ದ ಉಳಿದ ಅಕ್ಷರಗಳೋ, ಠ, ಧ, ಘ! ಕಸುಬಿನವಳಾಗಿ ಒಪ್ಪಿಕೊಳ್ಳುತ್ತೇನೆ, ಆರಿಸಿದವನು ದಡ್ಡನಲ್ಲ. ದಕಾರದ ಹೊಟ್ಟೆ ಸೀಳಿದರೆ ಧ, ರಕಾರದೊಳಗೆ ಚುಕ್ಕಿ ಇಟ್ಟರೆ ಠ. ಆ ಸೀಳು, ಆ ಚುಕ್ಕಿ ದೂರದಿಂದ ಕಂಡರೆ ಕಣ್ಣು ಚುರುಕಾಗಿದೆ ಎಂದರ್ಥ. ಎಂಥ ಬುದ್ಧಿ! ಆದರೆ ಕಂಡದ್ದನ್ನು ಬಾಯಲ್ಲಿ ಹೇಳು ಎಂದನಲ್ಲ, ಅಲ್ಲಿ ಎಡವಟ್ಟಾಯಿತು. ಧನವನ್ನೂ ದನವನ್ನೂ ಬೇರೆ ಬೇರೆಯಾಗಿ ಉಚ್ಚರಿಸುವವರು ಪದವಿ ಪಡೆದವರಲ್ಲೂ ಎಷ್ಟು ಮಂದಿ ಇದ್ದಾರೆ? ಹನುಮಕ್ಕನ ಕಣ್ಣು ಸೀಳನ್ನು ಕಂಡಿತ್ತು, ನಾಲಗೆ ಮಾತ್ರ ತನ್ನ ಊರಿನ ಹಾಗೆ ಹೊರಳಿತು. ಆ ಪಾಪದ ನಾಲಗೆಯ ತಪ್ಪಿಗೆ ಕಣ್ಣನ್ನು ಫೇಲು ಮಾಡಿದರು.

ಅಂಟಿನವರಾದ ನಮ್ಮಲ್ಲಿ ಒಂದು ಪದ್ಧತಿ ಇದೆ. ಅಂಟಿಸಿದ್ದನ್ನು ಕಿತ್ತು ನೋಡುವುದೇ ನಮ್ಮ ಪರೀಕ್ಷೆ. ಕಿತ್ತು ಬಂದಾಗ ಅಂಟು ಕೆಟ್ಟದ್ದು ಎಂದು ಷರಾ ಬರೆದರೆ ಬಾಸ್ ಅದನ್ನು ನನ್ನ ಮುಖಕ್ಕೇ ಎಸೆಯುತ್ತಾರೆ. ಬಿಟ್ಟದ್ದು ಎಲ್ಲಿ ಎಂದು ಮೊದಲು ನೋಡಬೇಕು. ಅಂಟು ಮೇಲ್ಮೈಯನ್ನು ಬಿಟ್ಟಿತೋ, ಅಂಟೇ ನಡುವೆ ಹರಿಯಿತೋ, ಅಥವಾ ಮೇಲ್ಮೈ ಒರೆಸದೆ ಧೂಳಿನ ಮೇಲೆ ಬಳಿದಿದ್ದೆವೋ? ಒಂದು ಚಮಚ ಗೋಂದಿಗೆ ತೋರಿಸುವ ಈ ಮರ್ಯಾದೆಯನ್ನು ಹನುಮಕ್ಕನ ಕಣ್ಣಿಗೆ ಯಾರೂ ತೋರಿಸಲಿಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಮರುದಿನ ರಜೆ ಹಾಕಿ, ತಾಯಿ ಮಗ ಇಬ್ಬರನ್ನೂ ಎಳೆದುಕೊಂಡು ಅದೇ ಅಂಗಡಿಗೆ ಹೋದೆ. ಹರೀಶ ದುಷ್ಟನಲ್ಲ, ಹೆದರಿದವನು. "ಆ ರೋಡಲ್ಲಿ ಟಿಪ್ಪರ್‌ಗಳು ಎಂಗ್ ನುಗ್ತವೆ ನೋಡಿದೀರಲ್ಲ ಮೇಡಂ, ಎಚ್ಚುಕಮ್ಮಿ ಆದ್ರೆ?" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ.

ಯಂತ್ರ ನೋಡಿಕೊಳ್ಳುವ ಹುಡುಗಿಗೆ ವಿಷಯ ವಿವರಿಸಿದೆ. ಆ E ಇರುವ ಹಳೆಯ ಪಟ್ಟಿ ಇದ್ದರೆ ಅದರಲ್ಲೇ ನೋಡಿ ಎಂದೆ. ಯಂತ್ರ ಬಂದ ಮೇಲೆ ಅದನ್ನು ತೆಗೆದುಹಾಕಿದ್ದರಂತೆ.

"ಸಿಸ್ಟಮ್ ಹಾಗೆ ಡಿಟೆಕ್ಟ್ ಮಾಡಿದ್ರೆ ನಾವೇನೂ ಮಾಡೋಕಾಗಲ್ಲ ಮೇಡಂ. ಪೇಟೆಂಟೆಡ್ ಟೆಕ್ನಾಲಜಿ ಇದು. ಬೇಕಿದ್ರೆ ಆಂಟಿ ಮನೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಂಡ್ ಬರ್ಲಿ, ಇನ್ನೊಂದ್ಸಲ ಫ್ರೀಯಾಗಿ ಟೆಸ್ಟ್ ಮಾಡ್ಕೊಡ್ತೀವಿ."

"ಕಣ್ಣಿನ ಟೆಸ್ಟಿಗೆ ಪ್ರಾಕ್ಟೀಸ್ ಅಂದ್ರೇನ್ರೀ? ನಿಮ್ಮ ಪೇಟೆಂಟಿಗಿಷ್ಟು ಬೆಂಕಿ ಹಚ್ಚ!" ಎಂದು ನಾನು ಕೂಗಿದ್ದು ಹೊರಗಿನ ಎಳನೀರಿನವನಿಗೂ ಕೇಳಿಸಿತಂತೆ. ಸಿಟ್ಟು ಬಂದರೆ ನನ್ನ ಬಾಯಿಗೆ ಬಾಗಲಕೋಟೆ ತಾನಾಗಿ ಬರುತ್ತದೆ, ಆಗ ನನ್ನನ್ನೂ ಆ ಯಂತ್ರ ಫೇಲು ಮಾಡುತ್ತಿತ್ತೋ ಏನೋ.

ಹರೀಶನಿಗೆ ಮುಜುಗರವಾಯಿತು. ತಾಯಿಯನ್ನು ಮತ್ತೆ ಯಂತ್ರದ ಮುಂದೆ ಕೂರಿಸಿ, ತಾನೇ ಹೇಳಿಕೊಡಲು ಶುರುಮಾಡಿದ.

"ಅಮ್ಮಾ, ಅ ಅನ್ಬ್ಯಾಡ. ನೆಟ್ಟಗೆ ಅ ಅನ್ನು. ಅ!"

"ಅದ್ನೇ ಅಲ್ವೇನೋ ನಾನೂ ಅಂದಿದ್ದು?"

"ಅಲ್ಲಮ್ಮ. ಎದೆಯಿಂದ ಗಾಳಿ ಬಿಟ್ಟು, ಅ!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಹನುಮಕ್ಕ ಮಗನ ಮುಖವನ್ನೇ ದಿಟ್ಟಿಸಿದರು. ಆಮೇಲೆ ನಿಧಾನವಾಗಿ ಎದ್ದು, ಕುರ್ಚಿಯನ್ನು ಅವನ ಕಡೆ ತಳ್ಳಿದರು.

"ನೀ ಕೂತ್ಕಳೋ ಅರೀಶ."

"ನಂಗ್ಯಾಕಮ್ಮ? ನನ್ ಕಣ್ಣು ಚೆನ್ನಾಗೈತೆ."

"ಕೂತ್ಕಳೋ ಅಂದೆ."

ಕೂತ. ಪರದೆಯ ಮೇಲೆ ಹ ಬಂತು, "ಅ" ಎಂದ. ಧ ಬಂತು, "ದ" ಎಂದ. ಘ ಬಂತು, ಗಟ್ಟಿಯಾಗಿ "ಗ" ಎಂದ. ಒಂದೊಂದಕ್ಕೂ ಯಂತ್ರ ಜೇನಿನಂಥ ದನಿಯಲ್ಲಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಅವನ ಕಿವಿ ಕೆಂಪಾದವು. ಕೊನೆಗೆ ಚೀಟಿ ಹೊರಬಿತ್ತು. ದೂರದೃಷ್ಟಿ ತೀರ ಕಡಿಮೆ, ವಾಹನ ಓಡಿಸುವುದು ಸೂಕ್ತವಲ್ಲ.

ಹನುಮಕ್ಕ ಮಗನ ಮುಂದೆ ಕೈ ಚಾಚಿದರು.

"ಅಂಗಾದ್ರೆ ನಿನ್ ಕಾರ್ ಕೀನೂ ಕೊಡು ಇಲ್ಲಿ."

ಅವನು ಏನೋ ಹೇಳಲು ಬಾಯಿ ತೆರೆದ. ತಾಯಿ ಗಾಜಿನ ಬಾಗಿಲ ಆಚೆ ಬೆರಳು ಮಾಡಿದರು. ರಸ್ತೆಯ ತಿರುವಿನಲ್ಲಿ ಬಸ್ಸೊಂದು ಆಗಷ್ಟೇ ಕಾಣಿಸಿಕೊಂಡಿತ್ತು. "ಎಬ್ಬಾಳದ್ ಬಸ್ಸು" ಎಂದರು. ನಾನು ಕಣ್ಣು ಕಿರಿದು ಮಾಡಿಕೊಂಡು ಕಾದೆ. ಬಸ್ಸು ಹತ್ತಿರ ಬಂದ ಮೇಲೆ ನನಗೂ ಬೋರ್ಡು ಕಂಡಿತು, ಹೆಬ್ಬಾಳವೇ. ಹರೀಶ ಜೇಬಿನಿಂದ ಮೊಪೆಡ್ಡಿನ ಕೀ ತೆಗೆದು ತಾಯಿಯ ಅಂಗೈಗೆ ಹಾಕಿದ. ನೀರು ಸೋರುವುದನ್ನು ಬೇರೆ ಡಾಕ್ಟರರ ಹತ್ತಿರ ತೋರಿಸೋಣ, ಕಣ್ಣಲ್ಲಿ ಕಣ್ಣಿಟ್ಟು ನೋಡುವವರ ಹತ್ತಿರ, ಎಂದು ನಾನು ಹೇಳಿದ್ದಕ್ಕೆ ಇಬ್ಬರೂ ತಲೆಯಾಡಿಸಿದರು.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ ಎಂದೆನಲ್ಲ. ಆ ಯಂತ್ರ ಇನ್ನೂ ಅಲ್ಲೇ ಕೂತಿದೆ. ಶೆಟ್ಟಿಹಳ್ಳಿಯಲ್ಲೂ ಒಂದು ಬಂದಿದೆಯಂತೆ. ಎಷ್ಟು ಜನ ಒಳ್ಳೆಯ ಕಣ್ಣಿನವರು ಮಂದ ಕಣ್ಣಿನವರೆಂದು ನಂಬಿ, ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದಾರೋ! ತಯಾರಿಸಿದವರಿಗೆ ಖಾರವಾಗಿಯೇ ಬರೆದಿದ್ದೇನೆ. ನಿಮ್ಮ ಅನಿಸಿಕೆಗೆ ಧನ್ಯವಾದ ಎಂದು ಉತ್ತರ ಬಂದಿದೆ, ಇಂಗ್ಲಿಷಿನಲ್ಲಿ.

ಕೀ ವಾಪಸ್ಸು ಸಿಕ್ಕ ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಸ್ಸು ತಪ್ಪಿ ಗೇಟಿನ ಹತ್ತಿರ ಪೇಚಾಡುತ್ತ ನಿಂತಿದ್ದೆ. ಹನುಮಕ್ಕ ಮೊಪೆಡ್ ತಂದು ಪಕ್ಕದಲ್ಲಿ ನಿಲ್ಲಿಸಿದರು.

"ಬಾರಮ್ಮ, ಇಂದೆ ಅತ್ಕೋ."

ಆ ಯಂತ್ರ ಇದನ್ನು ಕೇಳಿಸಿಕೊಂಡಿದ್ದರೆ, ಇವತ್ತೇ ಅತ್ತುಬಿಡು ಎನ್ನುತ್ತಿದ್ದಾರೆಂದು ತಿಳಿದು ಅಲ್ಲೇ ಗೋಳೋ ಎನ್ನುತ್ತಿತ್ತು. ನಾನು ಸೀರೆ ಎತ್ತಿಕಟ್ಟಿ ಹಿಂದೆ ಹತ್ತಿ ಕೂತೆ.